ಕೀಲಿಕೈ ನನ್ನ ಕಿಸೆಯಲ್ಲಿತ್ತು

ನಾನು ಒಂದು ಕಡೆ ಕೂಡುವ ಮನುಷ್ಯನಲ್ಲ. ಈಗ ಮೊಣಕಾಲು ನೋವು ಹಿಡಿದು ಕೂಡಿಸಿದೆ, ಅದು ಬೇರೆ ಮಾತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪಾಠ ಹೇಳುವಾಗಲೂ ನನ್ನ ಕಣ್ಣು ಬಾಗಿಲ ಹೊರಗೇ ಇರುತ್ತಿತ್ತು. "ಇವನ ಕಾಲಾಗ ಗಾಲಿ ಅದಾವ" ಎಂದು ಮಣ್ಣೂರಿನಲ್ಲಿ ನಮ್ಮವ್ವ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಂಥವನ ಕೈಗೆ, ೧೯೪೭ರ ಜೂನ್ ತಿಂಗಳಲ್ಲಿ, ಆಳಂದದ ಶಾಲೆಯವರು ಪುಸ್ತಕದ ಅಲಮಾರಿಗೆ ಇದ್ದ ಒಂದೇ ಒಂದು ಕೀಲಿಕೈ ಕೊಟ್ಟರು. ಕೊಡಬಾರದಿತ್ತು.

ಅದಕ್ಕೂ ಮೊದಲು ಜೇವರ್ಗಿಯಲ್ಲಿ ಒಂದು ವರ್ಷ ಮಾಸ್ತರಿಕೆ ಮಾಡಿದ್ದೆ. ಅಲ್ಲಿ ಶಾಲೆಯ ಪುಸ್ತಕಗಳು ಒಂದು ಟ್ರಂಕಿನಲ್ಲಿದ್ದವು. ಟ್ರಂಕಿನ ಮೇಲೆ ಜವಾನ ಕೂತಿರುತ್ತಿದ್ದ. ಅವನನ್ನು ಎಬ್ಬಿಸುವ ಧೈರ್ಯ ಯಾವ ಹುಡುಗನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಹಾಗಾಗಿ ಆಳಂದದಲ್ಲಿ ಕಾಜಿನ, ಅಂದರೆ ಗಾಜಿನ, ಬಾಗಿಲಿನ ತೇಗದ ಅಲಮಾರಿ ಕಂಡಾಗ ಹಿಗ್ಗಿಹೋದೆ. ಮೇಲಿನ ಮೂರು ಹಲಗೆಗಳ ತುಂಬ ಉರ್ದು ಪುಸ್ತಕಗಳು. ಕೆಳಗಿನ ಹಲಗೆಯ ಒಂದು ಮೂಲೆಯಲ್ಲಿ, ಗಡಿಯಾಚೆ ಸೋಲಾಪುರದಿಂದ ಯಾರೋ ತಂದುಕೊಟ್ಟ ತೆಳ್ಳನೆಯ ಕನ್ನಡ ಪುಸ್ತಕಗಳು. ಆಗ ನಮ್ಮದು ನಿಜಾಮರ ರಾಜ್ಯ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಮಕ್ಕಳು ಭೂಗೋಳ, ಲೆಕ್ಕ ಎಲ್ಲವನ್ನೂ ಉರ್ದುವಿನಲ್ಲಿ ಬಾಯಿಪಾಠ ಮಾಡಿ, ಮನೆಗೆ ಹೋಗಿ ಕನ್ನಡದಲ್ಲಿ ಮರೆಯುತ್ತಿದ್ದರು.

ನಮ್ಮ ಮುಖ್ಯ ಗುರುಗಳನ್ನು ಊರೆಲ್ಲ ಸದರ್ ಸಾಹೇಬರು ಎನ್ನುತ್ತಿತ್ತು. ಐವತ್ತು ದಾಟಿದ ಮುಸಲ್ಮಾನರು, ಆಳಂದದಲ್ಲೇ ಹುಟ್ಟಿ ಬೆಳೆದವರು, ಕನ್ನಡವನ್ನು ನಮ್ಮಂತೆಯೇ ಆಡುವವರು. ಅಲಮಾರಿಯ ಅರ್ಧ ಪುಸ್ತಕಗಳನ್ನು ಅವರೇ ಕಾಡಿ ಬೇಡಿ ತರಿಸಿದ್ದರು. ಅಷ್ಟು ಪ್ರೀತಿ ಇದ್ದದ್ದರಿಂದಲೇ ಅಷ್ಟು ಭಯವೂ ಇತ್ತು. ಹಿಂದೊಮ್ಮೆ ದೊಡ್ಡ ಅಧಿಕಾರಿಯೊಬ್ಬ ಓದಲು ಒಯ್ದ ಪುಸ್ತಕಗಳು ತಿರುಗಿ ಬರದೆ, ಮೇಲಿನಿಂದ ಕಾಗದ ಬಂದು ಇವರು ಮುಖ ತಗ್ಗಿಸಿ ನಿಲ್ಲಬೇಕಾಗಿತ್ತಂತೆ. ಅವತ್ತಿನಿಂದ ಪುಸ್ತಕ ಶಾಲೆಯ ಹೊಸಿಲು ದಾಟಬಾರದು ಎಂದು ಕಟ್ಟಳೆ ಮಾಡಿದ್ದರು. ವಾರಕ್ಕೊಮ್ಮೆ, ಗುರುವಾರ ಮಧ್ಯಾಹ್ನ, ಶುಕ್ರವಾರದ ಸೂಟಿಗೆ ಮುಂಚೆ, ಒಂದು ತಾಸು ಅಲಮಾರಿ ತೆರೆಯಬೇಕು. ಕೈ ತೊಳೆದ ಮಕ್ಕಳು ಅಲ್ಲೇ ಚಾಪೆಯ ಮೇಲೆ ಕೂತು ಓದಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ಹೇಳಿ ನಾನು ಹಿಂದಿನಿಂದ ನಗುತ್ತಿದ್ದೆ. ಮುಂದೆ ಆ ಪೂಜಾರಿ ನಾನೇ ಆಗುವೆನೆಂದು ತಿಳಿದಿರಲಿಲ್ಲ.

ಬಾಯಿಪಾಠ ಕಂಡರೆ ನನಗೆ ಮೈ ಉರಿಯುತ್ತಿತ್ತು. ಮೊದಲ ಗುರುವಾರವೇ ಒಂದು ದಪ್ಪ ವಹಿಯನ್ನು ಸುತಳಿಯಿಂದ ಅಲಮಾರಿಯ ಹಿಡಿಕೆಗೆ ಕಟ್ಟಿದೆ. ಯಾರಿಗೆ ಏನು ಕೇಳಬೇಕು ಅನ್ನಿಸುತ್ತದೋ ಅದನ್ನು ಅದರಲ್ಲಿ ಬರೆಯಬೇಕು, ಕನ್ನಡವಾದರೂ ಸರಿ, ಉರ್ದುವಾದರೂ ಸರಿ. ನಾನು ಉತ್ತರ ಹೇಳುವುದಿಲ್ಲ. ಪುಸ್ತಕದಲ್ಲಿ ಹುಡುಕಬೇಕು, ಸಿಕ್ಕ ಮೇಲೆ ಹೊರಗೆ ಹೋಗಿ ಹೌದೋ ಅಲ್ಲವೋ ಕಣ್ಣಾರೆ ನೋಡಿ ಬರಬೇಕು. ಮೊದಲ ತಿಂಗಳು ಯಾರೂ ಬರೆಯಲಿಲ್ಲ. ಕೇಳಿದರೆ ಹೊಡೆತ ಬೀಳುತ್ತದೆ ಎಂದಷ್ಟೇ ಕಲಿತ ಮಕ್ಕಳವು. ಆಮೇಲೆ ಒಬ್ಬ, ಹಲ್ಲಿ ಮಾಳಿಗೆಯಿಂದ ಯಾಕೆ ಬೀಳುವುದಿಲ್ಲ ಎಂದು ಬರೆದ. ಇನ್ನೊಬ್ಬ, ಮಾದನಹಿಪ್ಪರಗಾದ ತನ್ನ ಮಾವನ ಹೊಲದ ಮಣ್ಣು ಕರಿದು, ಆಳಂದದ ಗುಡ್ಡದ ಮಣ್ಣು ಕೆಂಪು, ಹೀಗೇಕೆ ಎಂದು ಬರೆದ. ಆಮೇಲೆ ಒಡ್ಡು ಒಡೆದಂತಾಯಿತು. ಒಂದು ತಾಸು ಸಾಲದೆ ಹುಡುಗರು ಕಾಜಿಗೆ ಮೂಗು ಒತ್ತಿ ನಿಲ್ಲತೊಡಗಿದರು.

ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಒಂದು ತಮಾಷೆ ಆಗುತ್ತಿತ್ತು. ಉರ್ದು ಪುಸ್ತಕ ಬಲಗಡೆಯಿಂದ ತೆರೆಯುತ್ತದೆ. ಆ ರೂಢಿಯಲ್ಲಿ ನಮ್ಮ ಮಕ್ಕಳು ಕನ್ನಡ ಪುಸ್ತಕವನ್ನೂ ಹಿಂದಿನಿಂದ ತೆರೆದು ಕೊನೆಯ ಪುಟವನ್ನೇ ಮೊದಲು ಓದುತ್ತಿದ್ದರು. ಕಥೆಯಲ್ಲಿ ನರಿ ಸತ್ತದ್ದು ಮೊದಲು ತಿಳಿಯುತ್ತಿತ್ತು, ಯಾಕೆ ಸತ್ತಿತು ಎಂಬುದು ಆಮೇಲೆ. ಮೊದಲು ನಾನು ಬೈದೆ. ಆಮೇಲೆ ಗಮನಿಸಿದರೆ, ಹಾಗೆ ಓದಿದವರೇ ಹೆಚ್ಚು ಪ್ರಶ್ನೆ ಕೇಳುತ್ತಿದ್ದರು. ಕೊನೆ ಗೊತ್ತಾದವನಿಗೆ ನಡುವೆ ಏನಾಯಿತೆಂದು ತಿಳಿಯದೆ ಇರಲಾಗುವುದಿಲ್ಲ. ಬೈಯುವುದನ್ನು ಬಿಟ್ಟೆ.

ಐದನೆಯ ತರಗತಿಯಲ್ಲಿ ಮೂವರು ಹುಡುಗಿಯರಿದ್ದರು. ಅವರಲ್ಲಿ ಒಬ್ಬಳು, ಒಕ್ಕಲುತನದ ಮನೆಯವಳು, ಹನ್ನೆರಡು ವರ್ಷದವಳು, ತಲೆಗೆ ಮೆತ್ತಿದ ಎಣ್ಣೆ ಹಣೆಗೆ ಇಳಿದರೂ ಒರೆಸಿಕೊಳ್ಳದೆ ಓದುವವಳು. ಆಗಸ್ಟ್ ತಿಂಗಳ ಒಂದು ಗುರುವಾರ ವಹಿಯಲ್ಲಿ ಉರ್ದುವಿನಲ್ಲಿ ಬರೆದಳು: ನಾರು ಕಾಲೊಳಗೆ ಹೇಗೆ ಹೋಗುತ್ತದೆ?

ನಾರು ಎಂದರೆ ಇಂದಿನವರಿಗೆ ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಪ್ರತಿ ಬೇಸಿಗೆಗೆ ಬರುತ್ತಿದ್ದ ಬೇನೆ ಅದು. ಕಾಲಿನಲ್ಲಿ ಒಂದು ಗುಳ್ಳೆ ಎದ್ದು ಒಡೆದು, ಅದರೊಳಗಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಿನಷ್ಟು ಎಳೆಯಬೇಕು. ಅವಸರ ಮಾಡಿ ಹರಿದರೆ ಕಾಲು ಕೊಳೆಯುತ್ತದೆ. ಹುಡುಗಿಯ ತಾಯಿ ಆ ವರ್ಷ ಬಿತ್ತಿಗೆಯ ಕಾಲಕ್ಕೇ ಹಾಸಿಗೆ ಹಿಡಿದಿದ್ದಳು. ಅದರ ಹಿಂದಿನ ವರ್ಷ ಅಪ್ಪ ಮಲಗಿದ್ದ. ಇನ್ನು ಉಳಿದವರು ತಾನು, ಇಬ್ಬರು ತಮ್ಮಂದಿರು, ಅಪ್ಪನ ತಾಯಿಯಾದ ಆಯಿ. ಮುಂದಿನ ಸರದಿ ಯಾರದು ಎಂಬುದೇ ಅವಳ ಚಿಂತೆ.

"ಮನ್ಯಾಗ ಏನ್ ಅಂತಾರ?" ಎಂದು ಕೇಳಿದೆ.

"ಅವ್ವ ಹುಳಿ ತಿಂದಾಳ ಅಂತಾರ್ರಿ. ಆಯಿ ಹಾವಿನ ಶಾಪ ಅಂತಾಳ್ರಿ. ಆದ್ರ ಮೂಲಿ ಮನಿಯವ್ರು ಹಾವು ಹೊಡದಾರ್ರಿ ಮಾಸ್ತರ್ರ, ಅವ್ರಿಗಿ ಒಮ್ಮಿನೂ ಬಂದಿಲ್ಲ."

ಆ 'ಆದ್ರ' ಕೇಳಿ ನನ್ನ ಜೀವ ಹಿಗ್ಗಿತು. ಮಾಸ್ತರಿಕೆಗೆ ಬಂದಮೇಲೆ ನಾನು ಕಾಯುತ್ತಿದ್ದದ್ದು ಆ ಒಂದು ಮಾತಿಗೆ.

ಪುಸ್ತಕ ಕೂಡಲೇ ಸಿಗಲಿಲ್ಲ. ಅಷ್ಟರಲ್ಲಿ ಅವಳು ತಾನೇ ಓಣಿ ಓಣಿ ತಿರುಗಿದಳು. ಒಲೆಗೆ ಕುಳ್ಳು-ಬೆರಣಿ ಆರಿಸುವ ನೆಪ ಮಾಡಿಕೊಂಡು ಮನೆ ಮನೆಗೆ ಹೋಗಿ ಕೇಳಿ ಬಂದು ವಹಿಯಲ್ಲಿ ಬರೆದಳು. ಗಾಣದ ಮನೆ, ಇಬ್ಬರಿಗೆ. ಬೇವಿನ ಕಟ್ಟೆಯ ಮನೆ, ಮೂವರಿಗೆ. ಮೂಲೆ ಮನೆ, ಯಾರಿಗೂ ಇಲ್ಲ. ಚಾಪೆಯ ಮೇಲೆ ಎಲ್ಲರೂ ಬಗ್ಗಿ ನೋಡಿದೆವು. ಯಾರಿಗೂ ಏನೂ ಹೊಳೆಯಲಿಲ್ಲ. ಮುಂದಿನ ಗುರುವಾರ ಅವಳೇ ಪ್ರತಿ ಮನೆಯ ಎದುರು ಬಾವಿಯ ಹೆಸರು ಸೇರಿಸಿಕೊಂಡು ಬಂದಳು. ಊರಲ್ಲಿ ಎರಡು ಬಾವಿ. ಒಂದು ಹಗ್ಗ ಬಿಟ್ಟು ಸೇದುವ ಬಾವಿ, ಇನ್ನೊಂದು ಪಾವಟಿಗೆ, ಅಂದರೆ ಮೆಟ್ಟಿಲು, ಇಳಿದು ನೀರಲ್ಲಿ ಕಾಲಿಟ್ಟು ಕೊಡ ತುಂಬುವ ಬಾವಿ. ನಾರು ಬಂದ ಮನೆಗಳೆಲ್ಲ ಪಾವಟಿಗೆಯ ಬಾವಿಯವು. ಸೇದುವ ಬಾವಿಯ ಒಂದೇ ಒಂದು ಮನೆ ಆ ಪಟ್ಟಿಯಲ್ಲಿರಲಿಲ್ಲ. ಸದರ್ ಸಾಹೇಬರು ಕನ್ನಡಕ ಹಣೆಗೆ ಏರಿಸಿ ಪುಟವನ್ನು ಎರಡು ಸಲ ಓದಿದರು. ಸ್ಟೂಲು ಹತ್ತಿ, ಮೇಲಿನ ಹಲಗೆಯ ಹಿಂದಿನ ಸಾಲಿನಿಂದ ಆರೋಗ್ಯದ ಮೇಲಿನ ಒಂದು ಉರ್ದು ಪುಸ್ತಕ ತೆಗೆದು ಅವಳ ಕೈಗೆ ಕೊಟ್ಟರು.

ಅದರಲ್ಲಿ ನಾರಿನ ಮೇಲೆ ಒಂದು ಅಧ್ಯಾಯವಿತ್ತು, ಜೊತೆಗೆ ಒಂದು ಚಿತ್ರ. ಮನುಷ್ಯನೊಬ್ಬ ಹುಣ್ಣಿನ ಕಾಲನ್ನು ಪಾವಟಿಗೆಯ ಬಾವಿಯಲ್ಲಿ ಇಟ್ಟಿದ್ದಾನೆ. ಪಕ್ಕದಲ್ಲೇ ಹೆಂಗಸೊಬ್ಬಳು ಕೊಡ ತುಂಬುತ್ತಿದ್ದಾಳೆ. ಹುಣ್ಣಿನಿಂದ ಹುಳದ ಮರಿಗಳು ನೀರಿಗೆ ಬೀಳುತ್ತವೆ, ನೀರಿನ ಸಣ್ಣ ಜೀವಗಳು ಅವನ್ನು ನುಂಗುತ್ತವೆ, ಆ ನೀರನ್ನು ನಾವು ಕುಡಿಯುತ್ತೇವೆ. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಅಪಾಯ ಹೆಚ್ಚು. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿ ಕುಡಿದರೆ ಸಾಕು. ಕಠಿಣ ಉರ್ದು ಅದು. ಒಂದು ಗುರುವಾರಕ್ಕೆ ಒಂದು ಪುಟದಂತೆ ಓದಿದಳು. ತಿಳಿಯದ ಶಬ್ದಕ್ಕೆ ಸಾಹೇಬರ ಮುಂದೆ ಹೋಗಿ ನಿಲ್ಲುತ್ತಿದ್ದಳು. ಓದಿ ಮುಗಿಸಿ, ನಾನು ಕಲಿಸಿದ ಕಟ್ಟಳೆಯಂತೆಯೇ, ಬಾವಿಯಿಂದ ಒಂದು ಚಂಬು ನೀರು ತಂದಳು. ಸಾಹೇಬರು ತಮ್ಮ ಭೂತಗನ್ನಡಿ ಕೊಟ್ಟರು. ಬಿಳಿ ಪಿಂಗಾಣಿ ಬಟ್ಟಲಲ್ಲಿ ಹಾಕಿ ಬಿಸಿಲಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಬಟ್ಟೆಯಲ್ಲಿ ಸೋಸಿದ ಮೇಲೆ ಒಂದೂ ಕಾಣಲಿಲ್ಲ. ಅವತ್ತು ಹುಡುಗರು ಮನೆಗೆ ಹೋಗಲೇ ಒಲ್ಲರು.

ಇಷ್ಟೆಲ್ಲ ಆಗಿಯೂ ಕೆಲಸ ನಿಂತದ್ದು ಅವಳ ಆಯಿಯ ಹತ್ತಿರ. ಆ ಮನೆಯಲ್ಲಿ ನೀರಿನ ಗಡಿಗೆ ಆಯಿಯ ಅಧಿಕಾರಕ್ಕೆ ಸೇರಿದ್ದು. ಮಗ ಸೊಸೆ ಯಾರೂ ಅದರ ಮೇಲಿನ ಬಟ್ಟಲು ಸರಿಸುವಂತಿರಲಿಲ್ಲ. ಮೊಮ್ಮಗಳು ಹೇಳಿದ್ದನ್ನೆಲ್ಲ ಕೇಳಿ ಆಯಿ ಅಂದಳಂತೆ, "ಏನ್ ಬೇ, ಸಾಲಿ ಕಲ್ತು ಗಂಗವ್ವನ್ನ ಸೋಸಾಕ ಬಂದೇನು? ಆಕಿ ಏನ್ ಹೊಲಸ ಅದಾಳ? ಯಾವ ಪುಸ್ತಕದಾಗ ಬರದಾರ ತೋರ್ಸು. ನೀ ಹೇಳೋದು ಬ್ಯಾಡ, ಬರದದ್ದು ತೋರ್ಸು." ಆಯಿಗೆ ಒಂದಕ್ಷರ ಬರುತ್ತಿರಲಿಲ್ಲ. ಅಕ್ಷರ ಬಾರದವರಿಗೇ ಅಕ್ಷರದ ಮೇಲೆ ಭಕ್ತಿ ಹೆಚ್ಚು. ಹುಡುಗಿ ಪಾಟಿಯ ಮೇಲೆ ಆ ಚಿತ್ರವನ್ನು ಬರೆದು ಒಯ್ದು ತೋರಿಸಿದಳು. ಆಯಿ ಒಪ್ಪಲಿಲ್ಲ. "ಇದು ನೀ ತೆಗದದ್ದು" ಎಂದು ಸೆರಗಿನಿಂದ ಒರೆಸಿಯೇ ಬಿಟ್ಟಳು. ಶಾಲೆಗೇ ಬಂದು ನೋಡು ಎಂದರೆ, ಈ ವಯಸ್ಸಿಗೆ ಸಾಲಿ ಮೆಟ್ಟಲಾರೆ ಎಂದಳಂತೆ.

ಸಂಕ್ರಮಣ ಕಳೆದಿತ್ತು. ಹೋಳಿ ಹುಣ್ಣಿವೆ ಆಯಿತೆಂದರೆ ಬಾವಿ ಇಳಿಯತೊಡಗುತ್ತದೆ. ಹುಡುಗಿ ನನ್ನ ಬೆನ್ನು ಹತ್ತಿದಳು.

"ಒಂದ ದಿನದ ಮಟ್ಟಿಗಿ ಪುಸ್ತಕ ಕೊಡ್ರಿ ಮಾಸ್ತರ್ರ. ಆಯಿಗಿ ಚಿತ್ರ ತೋರ್ಸಿ ತಂದ್ ಕೊಡ್ತೇನಿ. ಬ್ಯಾಸಗಿ ಬಂತ್ರಿ."

ನಾನು ಸಾಹೇಬರ ಬೆನ್ನು ಹತ್ತಿದೆ. ಒಲ್ಲೆ ಅಂದರು. ಜಗಳ ಮಾಡಿದೆ, ಮುಖ ತಿರುವಿಕೊಂಡು ಕೂತೆ, ಕಾಜಿನ ಹಿಂದೆ ಇಟ್ಟ ಪುಸ್ತಕಕ್ಕೂ ಕಪಾಟಿನ ಗೊಂಬೆಗೂ ಏನು ವ್ಯತ್ಯಾಸ ಎಂದು ಸಣ್ಣವರ ಮುಂದೆಯೇ ಕೇಳಿದೆ. ಅವರ ಮುಖ ಕೆಂಪಾಯಿತು. ಮೂರನೆಯ ದಿನ ತಾವೇ ಕರೆದು ಹೇಳಿದರು, "ಮಾಸ್ತರ್, ಪುಸ್ತಕ ಒಬ್ಬಂಟಿ ಹೋಗಬಾರದ್ರಿ. ಗುರುವಾರ ಸಂಜಿಗಿ ನೀವ ಒಯ್ದು, ಆ ಅಜ್ಜಿಗಿ ತೋರ್ಸಿ, ನೀವ ತಿರುಗಿ ತರ್ರಿ. ನಿಮ್ಮ ಮಾತಿನ ಮ್ಯಾಲ ಕೊಡಾಕತ್ತೇನಿ." ಹೊಸಿಲು ದಾಟದ ಕಟ್ಟಳೆಯನ್ನು ಮುರಿದದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಹುಡುಗಿಗೆ ಹೇಳಿದಾಗ ಅವಳು ನಗಲಿಲ್ಲ. ಗುರುವಾರಕ್ಕೆ ಇನ್ನೂ ಎಷ್ಟು ದಿನ ಎಂದು ಬೆರಳು ಮಡಿಚಿ ಎಣಿಸಿದಳು.

ಆದರೆ ಆ ದಿನಗಳಲ್ಲಿ ನನ್ನ ಮನಸ್ಸು ಎಲ್ಲಿತ್ತು? ಗಡಿಯಾಚೆ ಸ್ವಾತಂತ್ರ್ಯ ಬಂದು ಆರು ತಿಂಗಳಾಗಿತ್ತು. ನಮ್ಮಲ್ಲಿ ನಿಜಾಮರ ಬಾವುಟವೇ ಹಾರುತ್ತಿತ್ತು. ಸಂತೆಯಲ್ಲಿ ಜನ ಪಿಸುಮಾತಿನಲ್ಲೇ ಮಾತಾಡುತ್ತಿದ್ದರು. ನಿಜಾಮರ ಪರದ ದಂಡಿನವರು ಇಂದು ಆ ಊರು ಸುಟ್ಟರು, ನಾಳೆ ಈ ಊರಿಗೆ ಬರುತ್ತಾರೆ. ನನ್ನ ಓರಗೆಯವರು ಒಬ್ಬೊಬ್ಬರಾಗಿ ಭೀಮೆ ದಾಟಿ, ನಿಜಾಮರ ವಿರುದ್ಧ ಹೋರಾಡುವವರು ಆಚೆ ಕಟ್ಟಿದ್ದ ಶಿಬಿರಗಳಿಗೆ ಹೋಗುತ್ತಿದ್ದರು. ರಾತ್ರಿ ನಿದ್ದೆ ಇಲ್ಲ, ಹಗಲು ಸಮಾಧಾನವಿಲ್ಲ. ಮಂಗಳವಾರ ಬೆಳಿಗ್ಗೆ, ಹಲ್ಲುಜ್ಜುತ್ತಿದ್ದಾಗ, ಅಫಜಲಪುರದ ಗೆಳೆಯನೊಬ್ಬ ಬಂದು "ಹೊಂಟೇವಿ, ಬರ್ತಿಯೇನು?" ಎಂದ. ಬೇವಿನ ಕಡ್ಡಿ ಬಿಸಾಕಿ ಹೊರಟೆ. ಗುರುವಾರ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ದೇಶದ ಕೆಲಸದ ಮುಂದೆ ಅದು ಸಣ್ಣದೆನಿಸಿತು.

ಅವ್ವನಿಗೆ ಮುಖ ತೋರಿಸಿ ಹೋಗೋಣವೆಂದು ಮಣ್ಣೂರಿನ ಹಾದಿ ಹಿಡಿದೆವು. ಅಲ್ಲಿಂದ ಭೀಮೆಯನ್ನು ಕಾಲುನಡಿಗೆಯಲ್ಲೇ ದಾಟಿದೆವು; ನೀರು ತೊಡೆಯ ಮಟ್ಟಕ್ಕಿತ್ತು. ಕಾಕಾನ ಮಗ ನನ್ನ ಗಂಟು ಹೊತ್ತು ಆಚೆ ದಂಡೆಯವರೆಗೆ ಬಂದ. ಅಲ್ಲಿ ಅಂಗಿ ಹಾಕಿಕೊಳ್ಳುವಾಗ ಕಿಸೆಯಿಂದ ಏನೋ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು.

"ಏನಲೇ ಅದು?"

"ಸಾಲಿ ಅಲಮಾರಿ ಕೀಲಿಕೈ."

"ಇತ್ತ ಕೊಡು. ನಾಳಿ ಎತ್ತು ಕೊಳ್ಳಾಕ ಆ ಕಡಿನ ಹೊಂಟೇನಿ, ಆಳಂದಕ್ಕ ಮುಟ್ಟಿಸ್ತೇನಿ."

ಅವನು ಕೈ ಚಾಚಿಯೇ ಇದ್ದ. ಬುಧವಾರ ಮುಟ್ಟಿಸಿದರೂ ಗುರುವಾರಕ್ಕೆ ಸರಿಯಾಗುತ್ತಿತ್ತು. ನಾನು ಕೀಲಿಕೈಯನ್ನು ತಿರುಗಿ ಕಿಸೆಗೆ ಹಾಕಿಕೊಂಡೆ. "ಬ್ಯಾಡ. ಒಂದ್ ವಾರದಾಗ ನಾನ ಬರ್ತೇನಿ" ಎಂದೆ. ಯಾಕೆ ಹಾಗೆಂದೆ? ವರ್ಷಗಟ್ಟಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಆ ಮಕ್ಕಳು ಕಲಿತದ್ದು ನನ್ನಿಂದ, ಆ ವಹಿ ಕಟ್ಟಿದವನು ನಾನು, ನಾನಿಲ್ಲದೆ ಆ ಅಲಮಾರಿ ತೆರೆಯಬಾರದು ಎಂಬ ಸೊಕ್ಕು ಅದು. ಬೇರೆ ಉತ್ತರ ನನಗೆ ಸಿಕ್ಕಿಲ್ಲ.

ವಾರ ಎಂದದ್ದು ಎಂಟು ತಿಂಗಳಾಯಿತು. ಶಿಬಿರದಲ್ಲಿ ನಾನು ಏನು ಮಾಡಿದೆ ಎಂದು ಕೇಳಿದರೆ ಹೇಳಿಕೊಳ್ಳುವಂಥದ್ದು ಬಹಳ ಇಲ್ಲ. ಬೆಳಿಗ್ಗೆ ಸಾಲಾಗಿ ನಿಲ್ಲುವುದು, ಘೋಷಣೆ ಕೂಗುವುದು, ಜೋಳದ ರೊಟ್ಟಿಗಾಗಿ ಮತ್ತೆ ಸಾಲಾಗಿ ನಿಲ್ಲುವುದು, ಇವತ್ತು ಹೊರಡುತ್ತೇವೆ ನಾಳೆ ಹೊರಡುತ್ತೇವೆ ಎಂದು ಕಾಯುವುದು. ಆಳಂದದಲ್ಲಿ ಚಡಪಡಿಸಿ ಓಡಿ ಬಂದವನು ಅಲ್ಲಿಯೂ ಚಡಪಡಿಸಿದೆ. ಕೀಲಿಕೈಯನ್ನು ಕರಿದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿದ್ದೆ. "ಏನ್ರಿ ಮಾಸ್ತರ, ನಿಜಾಮನ ಖಜಾನಿ ಕೀಲಿಕೈ ಏನಿದು?" ಎಂದು ಉಳಿದವರು ಕಾಡುತ್ತಿದ್ದರು, ನಾನೂ ನಗುತ್ತಿದ್ದೆ. ಗುರುವಾರ ಬಂತೆಂದರೆ ಮಾತ್ರ ಆ ನಗೆ ಬರುತ್ತಿರಲಿಲ್ಲ.

ಯುಗಾದಿಯ ಹೊತ್ತಿಗೆ ಶಿಬಿರದಿಂದ ಒಬ್ಬ ಆಳಂದದ ಕಡೆ ಗುಟ್ಟಾಗಿ ಹೊರಟ. ಕೀಲಿಕೈ ಕೊಟ್ಟು ಕಳಿಸಬೇಕೆಂದು ಕೊರಳಿಗೆ ಕೈ ಹಾಕಿದೆ. ದಾರಿಯಲ್ಲಿ ಹಿಡಿದು ಮೈಯೆಲ್ಲ ತಡಕಿ ಝಡತಿ ಮಾಡಿದರೆ, ಇದು ಯಾವ ಕೀಲಿ ಎಂದು ಕೇಳಿ ಅವನನ್ನು ಬಡಿದಾರು ಎಂದು ಕೈ ತೆಗೆದೆ. ಆ ಭಯ ಸುಳ್ಳಲ್ಲ. ಆದರೆ ಅವನು ಹೋದ ಮೇಲೆ ನನಗೆ ಹಗುರೆನಿಸಿತು, ಅದನ್ನೂ ಹೇಳಬೇಕು. ಕೀಲಿಕೈ ಹೋಗಿದ್ದರೆ ಅದರ ಹಿಂದೆ ಒಂದು ಚೀಟಿಯೂ ಹೋಗಬೇಕಿತ್ತು, ಆ ಚೀಟಿಯಲ್ಲಿ ತಪ್ಪಾಯಿತು ಎಂದು ಬರೆಯಬೇಕಿತ್ತು. ಆ ಬೇಸಿಗೆ ಬಿಸಿಲು ವಿಪರೀತ. ನಮ್ಮ ಶಿಬಿರದ ಬಾವಿಯೂ ಇಳಿಯಿತು. ಕೊಡದ ತಳಕ್ಕೆ ಕೆಸರು ಕೂಡುತ್ತಿತ್ತು. ನೀರು ಕುಡಿಯುವಾಗಲೆಲ್ಲ ಆ ಬಿಳಿ ಬಟ್ಟಲು ನೆನಪಾಗುತ್ತಿತ್ತು. ನಾನು ಮಾತ್ರ ಧೋತರದ ಚುಂಗಿನಲ್ಲಿ ಸೋಸಿ ಕುಡಿಯುತ್ತಿದ್ದೆ. ಓದಿದವನಲ್ಲವೇ!

ಸೆಪ್ಟೆಂಬರಿನಲ್ಲಿ ಹಿಂದೂಸ್ಥಾನದ ಫೌಜು ಬಂತು. ನಾಲ್ಕೈದು ದಿನಗಳಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಅಕ್ಟೋಬರಿನಲ್ಲಿ ನಾನು ಆಳಂದಕ್ಕೆ ಬಂದಾಗ ಜನ ಹಾರ ಹಾಕಿದರು. ಹೊಳೆ ದಾಟಿ ಹೋಗಿ ಕಾದು ಕೂತು ಬಂದವನಿಗೆ ಹಾರ! ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಸದರ್ ಸಾಹೇಬರ ಮನೆಗೆ ಹೋದೆ. ಬಾಗಿಲು ಅರ್ಧ ಮುಚ್ಚಿತ್ತು. ಅವರು ಎಷ್ಟೋ ದಿನಗಳಿಂದ ಪೇಟೆಯ ಕಡೆ ಹೋಗಿರಲಿಲ್ಲ. ಈಗ ಹೆದರಿ ಮನೆಯೊಳಗೆ ಕೂಡುವ ಸರದಿ ಅವರಂಥ ಮುಸಲ್ಮಾನರದಾಗಿತ್ತು. ಗಡ್ಡ ಬೆಳೆದಿತ್ತು. ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ಕೀಲಿಕೈ ಅದ ಏನ್ರಿ ಮಾಸ್ತರ್?"

ಕೊರಳಿಂದ ತೆಗೆದು ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಹೇಳಿದರು, "ಆ ಹುಡುಗಿ ಪ್ರತಿ ಗುರುವಾರ ಬರ್ತಿದ್ಲು. ಕಾಜಿನ ಮುಂದ ನಿಂದರ್ತಿದ್ಲು. ಪುಸ್ತಕ ಕಾಣ್ತಿತ್ತು, ಎರಡನೇ ಹಲಗಿ ಮ್ಯಾಲ, ಮುಂದಿನ ಸಾಲಿನಾಗ. ನಾನ ಇಟ್ಟಿದ್ದೆ, ಗುರುವಾರ ನಿಮಗ ಸಿಗಲಿ ಅಂತ."

"ಕಾಜು ಒಡದು ತೆಗೀಬೇಕಿತ್ತ್ರಿ ಸಾಹೇಬ್ರ." ನನ್ನ ತಪ್ಪಿಗೆ ಅವರ ಮೇಲೆ ಸಿಟ್ಟು ಮಾಡುವಷ್ಟು ಭಂಡತನ ನನಗಿತ್ತು.

"ಕಲ್ಲು ಕೈಯಾಗ ಹಿಡದಿದ್ದೆ" ಎಂದರು. "ಆ ದಿನದಾಗ ಸರ್ಕಾರಿ ಸಾಲಿ ಕಾಜು ಒಡದ್ರ ಯಾರನ್ನ ಹಿಡದು ಒಯ್ತಿದ್ರು ಹೇಳ್ರಿ? ನನ್ನನ್ನಲ್ಲ. ನಿಮ್ಮ ಓಣಿ ಹುಡುಗರನ್ನ. ಇಳಿಸಿ ಇಟ್ಟೆ. ಆ ಅಜ್ಜಿಗಿ ನಾನ ಹೋಗಿ ಹೇಳ್ಬೇಕು ಅಂದ್ಕೊಂಡೆ. ಆ ಓಣಿಯಾಗ ನನ್ನ ಕಂಡ್ರ ಬಾಗಿಲ ಹಾಕ್ಕೊಳ್ತಿದ್ರು, ಮಾಸ್ತರ್. ನನ್ನ ಕೈಯಾಗ ಕಲ್ತವ್ರ."

ಅವರು ಎದ್ದು ಟೊಪ್ಪಿಗೆ ಹಾಕಿಕೊಂಡು ನನ್ನೊಂದಿಗೆ ಶಾಲೆ ತನಕ ಬಂದು, ತಾವೇ ಕೀಲಿ ತೆಗೆದು, ಪುಸ್ತಕದ ದೂಳು ಒರೆಸಿ ಕೊಟ್ಟರು. ಹುಡುಗಿಯ ಓಣಿಗೆ ಬರಲಿಲ್ಲ. ನಾನೂ ಕರೆಯಲಿಲ್ಲ.

ಹುಡುಗಿ ಕಟ್ಟೆಯ ಮೇಲೆ ಕೂತು ತಮ್ಮನ ತಲೆ ಬಾಚುತ್ತಿದ್ದಳು. ಎಂಟು ತಿಂಗಳಲ್ಲಿ ಉದ್ದವಾಗಿದ್ದಳು. ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡಿದಳು, ನನ್ನ ಮುಖ ನೋಡಲಿಲ್ಲ. ಆಯಿಯನ್ನು ಹೊರಗೆ ಕರೆದು, ಪುಟ ಹುಡುಕದೆಯೇ ಸರಿಯಾದ ಕಡೆ ತೆರೆದು, ಚಿತ್ರದ ಕೆಳಗೆ ಬೆರಳಿಟ್ಟು ಉರ್ದುವಿನಲ್ಲಿ ಒಂದು ಸಾಲು ಓದಿ ಕನ್ನಡದಲ್ಲಿ ಹೇಳಿದಳು. ಆಯಿ ಬಗ್ಗಿ ನೋಡಿದಳು. ಹುಣ್ಣಿನ ಕಾಲು, ಪಾವಟಿಗೆ, ಕೊಡ. ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಳು.

"ಬರದಾರ ಬಿಡು. ಬರದ ಮ್ಯಾಲ ಮುಗೀತು" ಎಂದು ಒಳಗೆ ಹೋಗಿ, ಹಳೆಯ ಇಳಕಲ್ ಸೀರೆಯೊಂದನ್ನು ಟರ್ರೆಂದು ಹರಿದು ಎರಡು ಮಡಿಕೆ ಮಾಡಿ ಗಡಿಗೆಯ ಬಾಯಿಗೆ ಕಟ್ಟಿದಳು.

ಅಷ್ಟೇ. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿಯಲಿಲ್ಲ. ಅಷ್ಟು ಸಣ್ಣ ಕೆಲಸಕ್ಕೆ ಆ ಹುಡುಗಿ ಒಂದು ಇಡೀ ಬೇಸಿಗೆ ಕಾಜಿನ ಮುಂದೆ ನಿಂತಿದ್ದಳು. ನನಗೆ ನಾಚಿಕೆಯಾಯಿತು, ಆ ನಾಚಿಕೆಯನ್ನು ಮುಚ್ಚಲು ಭಾಷಣ ಶುರು ಮಾಡಿದೆ. ನೋಡು, ಕಡೆಗೂ ಗೆದ್ದೆ, ಓದಿನ ಶಕ್ತಿ ಇದು, ಹೊಸ ಸರ್ಕಾರ ಬಂತು, ಇನ್ನು ಅಲಮಾರಿ ದಿನಾ ತೆರೆಯುತ್ತೇನೆ, ಪುಸ್ತಕ ಮನೆಗೂ ಕೊಡುತ್ತೇನೆ. ಅವಳು ಕೇಳುತ್ತಿರಲಿಲ್ಲ. ಪುಟ ತಿರುವಿ ಮುಂದಿನ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು.

"ಮಾಸ್ತರ್ರ, ಕುಡದ ಮ್ಯಾಲ ಒಂದ್ ವರ್ಷಕ್ಕ ಹೊರಗ ಬರ್ತದ ಅಂತ ಬರದಾರ್ರಿ."

"ಹೌದು."

"ಬಾವಿ ಇಳದಿದ್ದು ಯುಗಾದಿ ಮುಂದ್ರಿ. ಅವಾಗೆಲ್ಲಾ ನಾವು ಕುಡದೇವಿ. ಈಗ ಸೋಸಿದ್ರ, ಅವಾಗ ಕುಡದದ್ದಕ್ಕ ಏನ್ ಮಾಡ್ಬೇಕ್ರಿ?"

ಆ ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಬೇರೆ ಪುಸ್ತಕದಲ್ಲಿ ಹುಡುಕೋಣ ಎಂದೆ. ಆ ಅಲಮಾರಿಯ ಪ್ರತಿಯೊಂದು ಪುಸ್ತಕವನ್ನೂ ಮುಂದಿನ ಎರಡು ತಿಂಗಳಲ್ಲಿ ಹಾಳೆ ಹಾಳೆ ತಿರುವಿ ಹುಡುಕಿದೆ. ಕಲಬುರ್ಗಿಗೆ ಹೋಗಿ ಡಾಕ್ಟರೊಬ್ಬರನ್ನು ಕೇಳಿದೆ. ಏನೂ ಮಾಡುವ ಹಾಗಿಲ್ಲ, ಕಾಯಬೇಕು ಎಂದರು. ಅವತ್ತು ಆ ಕಟ್ಟೆಯ ಮೇಲೆ ಮಾತ್ರ ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೊರಗೆ ಓಡಾಡುತ್ತಿದ್ದ ಮನೆಯವರ ಕಾಲುಗಳನ್ನು ಒಂದೊಂದಾಗಿ ನೋಡಿದಳು. ಅವ್ವನ ಕಾಲು, ಆಯಿಯ ಕಾಲು, ತಮ್ಮಂದಿರ ಕಾಲು. ಕೊನೆಗೆ ತನ್ನವು.

ಮರುವರ್ಷ ಯುಗಾದಿಯ ಹೊತ್ತಿಗೆ ಅವಳು ಶಾಲೆಗೆ ಬರುವುದು ನಿಂತಿತು. ನಾಲ್ಕು ದಿನ ತಡೆದು ಅವರ ಮನೆಗೆ ಹೋದೆ. ಗೋಡೆಗೆ ಒರಗಿ ಎಡಗಾಲು ಚಾಚಿ ಕೂತಿದ್ದಳು. ಹಿಮ್ಮಡಿಯ ಮೇಲೆ ಬೇವಿನ ಎಲೆಯ ಪಟ್ಟಿ, ಅದರಾಚೆ ಕಡ್ಡಿಗೆ ಸುತ್ತಿದ ಬಿಳಿ ದಾರ. ತಮ್ಮಂದಿರು ಅಂಗಳದಲ್ಲಿ ಆಡುತ್ತಿದ್ದರು. ಆ ವರ್ಷ ಬಂದದ್ದು ಅವಳೊಬ್ಬಳಿಗೇ. ನೋವಿನಿಂದ ತುಟಿ ಕಚ್ಚಿಕೊಂಡಿದ್ದವಳು ನನ್ನನ್ನು ನೋಡಿ ನೆಟ್ಟಗೆ ಕೂತಳು. ಬೈದಿದ್ದರೆ, ಅತ್ತಿದ್ದರೆ, ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಅವಳ ಮುಖದಲ್ಲಿ ಲೆಕ್ಕ ಸರಿಬಂದ ಹುಡುಗಿಯ ಖುಷಿ ಇತ್ತು.

"ಪುಸ್ತಕ ಖರೇನ ಹೇಳ್ಯದ್ರಿ ಮಾಸ್ತರ್ರ" ಎಂದಳು. "ಬರೋಬ್ಬರಿ ಒಂದ್ ವರ್ಷ."